ಗಾಲಿ ಮೇಲೆ ಬಂದ ಮನೆಗೆ ಪಾಯ

ಕೇಳುಗರಿಗೆ ನಮಸ್ಕಾರ.

ನಮ್ಮ ಕಡೆ ಮನೆ ಅಂದರೆ ಮೊದಲು ಪಾಯ. ಗುದ್ದಲಿ ಪೂಜೆ ಆಗಬೇಕು, ಪಾಯ ತೋಡಬೇಕು, ಸೈಜುಗಲ್ಲು ಬಂದು ಬೀಳಬೇಕು. ಗೋಡೆ ಏಳುವುದು ಆಮೇಲೆ. ಸಿವಿಲ್ ಕೆಲಸದಲ್ಲೇ ತಲೆ ನರೆಸಿದ ನಾನು ಅಮೆರಿಕದ ಟೆಕ್ಸಾಸಿನಲ್ಲಿರುವ ಮಗಳ ಮನೆಗೆ ಹೋದಾಗ ಬೇರೆಯೇ ಒಂದು ಕ್ರಮ ನೋಡಿದೆ. ಪಕ್ಕದ ಸೈಟಿಗೆ ಲಾರಿಯ ಹಿಂದೆ ಮನೆಯೇ ಬಂತು! ಅಡುಗೆಮನೆ, ಬಚ್ಚಲು, ಕಿಟಕಿ ಗಾಜು ಎಲ್ಲಾ ಮುಗಿದ ಮನೆ. ಎರಡು ಹೋಳು. ತೆರೆದ ಮಗ್ಗುಲಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರು.

ಕಾರ್ಖಾನೆಯಲ್ಲಿ ತಯಾರಾಗುವ ಈ ಮನೆಗಳಿಗೆ ಅಲ್ಲಿ 1976ರ ಜೂನ್ 15ರಿಂದ ಇಡೀ ದೇಶಕ್ಕೆ ಒಂದೇ ನಿಯಮ ಇದೆ. ಈ ನಿಯಮದಂತೆ ಬಂದ ಮನೆಗಳ ಅಡಿಯಲ್ಲಿ ಉಕ್ಕಿನ ಚಾಸಿ, ಅಂದರೆ ಲಾರಿಯ ಅಡಿಯಲ್ಲಿರುವಂಥ ಚೌಕಟ್ಟು, ಇರುತ್ತದೆ. ಊರು ಸೇರಿದ ಮೇಲೆ ಗಾಲಿ ಬಿಚ್ಚಬಹುದು, ಚಾಸಿ ಉಳಿಯುತ್ತದೆ. ಆ ಚಾಸಿಯ ತೊಲೆಗಳ ಕೆಳಗೆ ಕಾಂಕ್ರೀಟ್ ಬ್ಲಾಕುಗಳನ್ನು ಒಂದರ ಮೇಲೊಂದು ಪೇರಿಸುತ್ತಾರೆ. ಹೆಚ್ಚಿನ ಮನೆಗಳಿಗೆ ಪಾಯ ಅಂದರೆ ಇದೇ.

ಅವತ್ತು ಕೆಲಸದವನೊಬ್ಬ ನೀರು ತುಂಬಿದ ಟ್ಯೂಬ್ ಹಿಡಿದು ಮಟ್ಟ ನೋಡುತ್ತಿದ್ದ. ನಮ್ಮ ಗಾರೆ ಮೇಸ್ತ್ರಿಗಳು ನೋಡುವ ಹಾಗೆಯೇ. ನನಗೆ ಊರು ಕಂಡಷ್ಟು ಖುಷಿಯಾಯಿತು. ಆಮೇಲೆ ಅವನು ಬ್ಲಾಕಿಗೂ ತೊಲೆಗೂ ನಡುವೆ ಮರದ ಬೆಣೆಗಳನ್ನು ಜೋಡಿಯಾಗಿ, ಎದುರುಬದುರು ಇಟ್ಟು ಬಡಿದ. ಒಂದು ಏಟಿಗೆ ಕೂದಲೆಳೆಯಷ್ಟು ಏರಿಕೆ. ಹೊರಗಿನಿಂದ ನೋಡಿದರೆ ಸುಮ್ನೆ ಬ್ಲಾಕು ಪೇರಿಸಿದ ಹಾಗೆ ಕಾಣುತ್ತದೆ, ಆದರೆ ಇಡೀ ಮನೆ ನೆಟ್ಟಗೆ ಕೂರುವುದು ಆ ಬೆಣೆಗಳ ಮೇಲೆ.

ನನಗೆ ಅದಕ್ಕಿಂತ ಮುಖ್ಯ ಅನಿಸಿದ್ದು ಬೇರೆ. ನಮ್ಮ ಕಲ್ಲು, ಇಟ್ಟಿಗೆಯ ಮನೆ ತನ್ನ ಭಾರದಿಂದಲೇ ನೆಲ ಕಚ್ಚಿಕೊಂಡಿರುತ್ತದೆ. ಪಾಯ ಆ ಭಾರ ಹೊತ್ತರೆ ಆಯಿತು. ಈ ಮನೆ ಮರದ ಚೌಕಟ್ಟಿನದು, ಹಗುರ. ಜೋರು ಗಾಳಿ ಬಂದರೆ ಚಾವಣಿಯನ್ನು ಮೇಲಕ್ಕೆಳೆಯುತ್ತದೆ, ಗೋಡೆಯನ್ನು ಪಕ್ಕಕ್ಕೆ ತಳ್ಳುತ್ತದೆ. ಅಂಥ ಹೊತ್ತಲ್ಲಿ ಪಾಯ ಮನೆಯನ್ನು ಹೊತ್ತರೆ ಸಾಲದು, ಬಿಗಿಯಾಗಿ ಹಿಡಿದುಕೊಳ್ಳಲೂ ಬೇಕು. ಅದಕ್ಕೇ ಆಂಕರ್. ಉದ್ದನೆಯ ಉಕ್ಕಿನ ಸಲಾಕೆ, ತುದಿಯಲ್ಲಿ ಸುರುಳಿಯಾಕಾರದ ತಟ್ಟೆ. ದೊಡ್ಡ ಸ್ಕ್ರೂ ಅಂದುಕೊಳ್ಳಿ. ಯಂತ್ರದಿಂದ ತಿರುಗಿಸಿ ನೆಲದೊಳಗೆ ಇಳಿಸುತ್ತಾರೆ. ಅದರ ತಲೆಯಿಂದ ಚಾಸಿಗೆ ಉಕ್ಕಿನ ಪಟ್ಟಿ ಬಿಗಿಯುತ್ತಾರೆ. ನಿಯಮದ ಪ್ರಕಾರ ಒಂದೊಂದು ಆಂಕರೂ 3,150 ಪೌಂಡು, ಅಂದರೆ ಸುಮಾರು 1,430 ಕಿಲೋ ಎಳೆತ ತಾಳಬೇಕು.

1992ರ ಆಗಸ್ಟ್ 24ರಂದು ಆಂಡ್ರ್ಯೂ ಚಂಡಮಾರುತ ದಕ್ಷಿಣ ಫ್ಲಾರಿಡಾಕ್ಕೆ ಬಡಿದಾಗ ಅದರ ದಾರಿಯಲ್ಲಿದ್ದ ಇಂಥ ಮನೆಗಳು ಸಾಲುಸಾಲಾಗಿ ಚೂರಾದವು. 1994ರಲ್ಲಿ ಗಾಳಿಯ ನಿಯಮ ಬಿಗಿ ಮಾಡಿದರು. 2004ರಲ್ಲಿ ಅದೇ ಫ್ಲಾರಿಡಾಕ್ಕೆ ಚಾರ್ಲಿ ಚಂಡಮಾರುತ ಬಂದಾಗ ಹೊಸ ನಿಯಮದ ಮನೆಗಳು ಹಳೆಯವಕ್ಕಿಂತ ಎಷ್ಟೋ ಚೆನ್ನಾಗಿ ತಡೆದುಕೊಂಡವು.

ಇನ್ನು ಮಣ್ಣು. ಟೆಕ್ಸಾಸಿನ ಕರಿಮಣ್ಣು ನಮ್ಮ ಗದಗ, ಧಾರವಾಡದ ಎರೆ ಮಣ್ಣಿನ ಅಣ್ಣತಮ್ಮ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರುಕು ಬಿಡುತ್ತದೆ. ಬ್ಲಾಕು ಪೇರಿಸಿದ ಒಂದು ಕಂಬ ಏರಿ ಇನ್ನೊಂದು ಇಳಿದರೆ ಮನೆ ಸೊಟ್ಟಗಾಯಿತು ಅಂತಲೇ. ಅದಕ್ಕೇ ಮನೆಯ ಸುತ್ತ ಮೊದಲ ಹತ್ತು ಅಡಿಯವರೆಗೆ, ಅಡಿಗೆ ಅರ್ಧ ಇಂಚಿನಂತೆ ನೆಲ ಹೊರಗಡೆಗೆ ಇಳಿಜಾರಾಗಿರಬೇಕು. ನೀರು ಅಡಿಯಲ್ಲಿ ನಿಲ್ಲಬಾರದು. ಉತ್ತರದ ಮಿನೆಸೋಟದಲ್ಲಿ ಚಿಂತೆ ಬೇರೆ. ಅಲ್ಲಿ ನೆಲದೊಳಗಿನ ನೀರೇ ಹೆಪ್ಪುಗಟ್ಟಿ ಮಣ್ಣನ್ನು ಮೇಲೆತ್ತುತ್ತದೆ. ಆ ರಾಜ್ಯದ ಉತ್ತರ ಭಾಗದಲ್ಲಿ ಪಾಯವನ್ನು ಐದು ಅಡಿ ಆಳಕ್ಕೆ ಇಳಿಸುವುದು ಇದಕ್ಕೇ.

ಹಾಗಾದರೆ ಎಲ್ಲರೂ ಗಟ್ಟಿ ಪಾಯ ಹಾಕಿಸಬಹುದಲ್ವಾ ಅಂತ ಕೇಳಬಹುದು. ಇಲ್ಲೇ ನನಗೆ ಸಂಕಟ ಆಗುವುದು. ಎಷ್ಟೋ ಮಂದಿಗೆ ಮನೆ ಸ್ವಂತದ್ದು, ನೆಲ ಬಾಡಿಗೆಯದು. ಇನ್ನೊಬ್ಬರ ನೆಲದಲ್ಲಿ ಕಾಂಕ್ರೀಟು ಸುರಿಯಲು ಯಾರಿಗೆ ಮನಸ್ಸು ಬರುತ್ತದೆ? ಸ್ವಂತ ನೆಲ, ಶಾಶ್ವತ ಪಾಯ ಎರಡೂ ಇದ್ದರೆ ಮಾಮೂಲಿ ಗೃಹಸಾಲ ಸಿಗುವ ದಾರಿ ಇದೆ. ಇಲ್ಲದವರಿಗೆ ಸಿಗುವುದು ವಾಹನ ಸಾಲದಂಥದ್ದು, ಬಡ್ಡಿ ಜಾಸ್ತಿ. ಕೈಯಲ್ಲಿ ಕಡಿಮೆ ಇದ್ದವರೇ ಹೆಚ್ಚು ಕಟ್ಟಬೇಕು. ಇದು ಸರಿಯಲ್ಲ.

ಪಕ್ಕದ ಮನೆಯ ಹಿರಿಯರು ಅಂಥ ಬಾಡಿಗೆ ನೆಲದಲ್ಲೇ ಇದ್ದವರು. ಚಂಡಮಾರುತದ ಕಾಲ ಅಲ್ಲಿ ಜೂನ್ ಒಂದಕ್ಕೆ ಶುರು. ಮೇ ಕೊನೆಯ ಒಂದು ಸಂಜೆ ಅವರು ಟಾರ್ಚ್ ಹಿಡಿದು, ಹೊಟ್ಟೆ ಮೇಲೆ ತೆವಳಿಕೊಂಡು ಮನೆಯ ಅಡಿಗೆ ಹೋದರು. ಒಂದೊಂದೇ ಪಟ್ಟಿಯನ್ನು ಹಿಡಿದು ಎಳೆದು ನೋಡುತ್ತಾ, ಸಡಿಲ ಇದ್ದ ಕಡೆ ಬೋಲ್ಟು ಬಿಗಿಯುತ್ತಾ ಹೋದರು. ಹೊರಗೆ ನಿಂತಿದ್ದ ನಾನು ಸ್ಪ್ಯಾನರ್ ಕೊಡುತ್ತಿದ್ದೆ.

ನಮಸ್ಕಾರ.