ಕೊಡೆಯಂತೆ ಅರಳಿದ ಲಂಗ

ಕೇಳುಗರಿಗೆ ನಮಸ್ಕಾರ. ಮೈಸೂರಿನ ನಮ್ಮ ಮನೆಯಲ್ಲಿ ಬಹುಕಾಲದಿಂದ ಜೋಪಾನವಾಗಿರುವ ಒಂದು ಚಿತ್ರವನ್ನು ಕುರಿತು ಇಂದು ಮಾತನಾಡುತ್ತೇನೆ. ಅದು ನಿಮಗೆ ಕಾಣದ್ದರಿಂದ ಮೊದಲು ಮಾತಿನಲ್ಲೇ ಬಿಡಿಸಿ ಹೇಳಬೇಕು.

ಇದು 1950ರ ದಶಕದ ಯುರೋಪಿನ ಉಡುಪಿನ ಚಿತ್ರ. ಬಿಳಿಯ ಹಾಳೆಯ ಮೇಲೆ ತರುಣಿಯೊಬ್ಬಳು ಅರ್ಧ ತಿರುಗಿ ನಿಂತಿದ್ದಾಳೆ. ಮುಖಕ್ಕೆ ನಾಲ್ಕೇ ಗೆರೆ. ಆದರೆ ಬಿಗಿದ ಸೊಂಟದಿಂದ ಕೊಡೆಯಂತೆ ಅರಳಿದ ಲಂಗದ ಮೇಲೆ ಕಿತ್ತಳೆ, ಗಿಳಿಹಸಿರು, ಅರಿಶಿನ ಬಣ್ಣದ ಹೂಗಳು ಒತ್ತೊತ್ತಾಗಿ ಹರಡಿವೆ. ನಮ್ಮ ನಿಮ್ಮ ಎತ್ತರ ತಲೆಯ ಅಳತೆಯ ಸುಮಾರು ಏಳೂವರೆಯಷ್ಟಿದ್ದರೆ, ಇಂಥ ಚಿತ್ರಗಳಲ್ಲಿ ಅದನ್ನು ಒಂಬತ್ತರಷ್ಟಕ್ಕೆ ಏರಿಸುವುದು ವಾಡಿಕೆ. ಬಟ್ಟೆಯ ಇಳಿಬೀಳು ಚೆನ್ನಾಗಿ ಕಾಣಲೆಂದು ಹೆಚ್ಚಿನ ಉದ್ದವನ್ನೆಲ್ಲ ಕಾಲುಗಳಿಗೆ ಕೊಡುತ್ತಾರೆ.

ನನ್ನನ್ನು ಮತ್ತೆ ಮತ್ತೆ ಹಿಡಿದು ನಿಲ್ಲಿಸುವುದು ಆ ಹೂಗಳನ್ನು ಬರೆದಿರುವ ರೀತಿ. ನೆರಿಗೆ ಒಳಸರಿಯುವೆಡೆ ಹೂವು ಅರ್ಧಕ್ಕೇ ಮರೆಯಾಗಿ, ಮುಂದಿನ ಮಡಿಕೆಯ ಏರಿನಲ್ಲಿ ಒಂದೇ ಎಸಳಾಗಿ ಇಣುಕುತ್ತದೆ. ಬುಟ್ಟಾ ಇರುವ ರೇಷ್ಮೆ ಸೀರೆಯ ನೆರಿಗೆ ಹಿಡಿದವರೆಲ್ಲರೂ ಇದನ್ನು ತಮ್ಮ ಬೆರಳ ತುದಿಯಲ್ಲೇ ಕಂಡಿರುತ್ತಾರೆ. ಹೂಗಳನ್ನು ಸಮವಾಗಿ ತುಂಬಿಬಿಟ್ಟಿದ್ದರೆ ಆ ಲಂಗ ಗೋಡೆಗೆ ಅಂಟಿಸಿದ ಕಾಗದದಂತೆ ಚಪ್ಪಟೆಯಾಗಿ ಕಾಣುತ್ತಿತ್ತು.

ಇದಕ್ಕೆ ಬಳಸಿರುವುದು ಗ್ವಾಷ್ ಎಂಬ ಮಂದವಾದ ನೀರುಬಣ್ಣ. ನಮ್ಮ ಜಗನ್ಮೋಹನ ಅರಮನೆಯಲ್ಲಿರುವ, ಹಳದಣಕರರು ಬರೆದ ದೀಪ ಹಿಡಿದ ಹೆಂಗಸಿನ ಚಿತ್ರವನ್ನು ನೆನೆಯಿರಿ. ಅದೂ ನೀರುಬಣ್ಣದ್ದೇ. ಆದರೆ ತೆಳುವಾದ ಬಣ್ಣದ ಮೂಲಕ ಹೊಮ್ಮುವ ಬೆಳಕು ಅಲ್ಲಿನ ಸೊಗಸು. ಗ್ವಾಷ್ ಕೆಳಗಿನ ಬಣ್ಣವನ್ನು ಮುಚ್ಚುತ್ತದೆ; ಕಡುಹಸಿರಿನ ಮೇಲೂ ಅರಿಶಿನ ಬಣ್ಣದ ಹೂವನ್ನು ನೇರವಾಗಿ ಇಡಬಹುದು.

ಇಷ್ಟು ಅಗಲದ ಲಂಗಕ್ಕೆ ಅಂದು ಬೇರೆಯೇ ಅರ್ಥವಿತ್ತು. ಬ್ರಿಟನ್ನಿನಲ್ಲಿ 1941ರಿಂದ 1949ರವರೆಗೆ ಉಡುಪು ಕೊಳ್ಳಲು ಹಣದ ಜೊತೆಗೆ ಕೂಪನ್ನೂ ಬೇಕಿತ್ತು. ಆ ನಡುವೆಯೇ, 1947ರ ಫೆಬ್ರವರಿಯಲ್ಲಿ, ಪ್ಯಾರಿಸ್ಸಿನ ಕ್ರಿಸ್ತಿಯಾನ್ ಡಿಯೋರ್ ಗಜಗಟ್ಟಲೆ ಬಟ್ಟೆ ಬೇಡುವ ಲಂಗಗಳನ್ನು ಮುಂದಿಟ್ಟಾಗ ಮೆಚ್ಚಿದವರಂತೆ ಸಿಟ್ಟಾದವರೂ ಇದ್ದರು. ನನ್ನ ಚಿತ್ರದ ತರುಣಿ ಲಂಗದ ಅಂಚನ್ನು ಎರಡು ಬೆರಳಲ್ಲಿ ಎತ್ತಿ ಅದರ ಸುತ್ತಳತೆಯನ್ನು ತೋರಿಸುತ್ತಿರುವುದು ಆ ಕೊರತೆಯ ವರ್ಷಗಳನ್ನು ಬಲ್ಲವರಿಗೇ ಎಂದು ನಾನು ನಂಬಿದ್ದೇನೆ.

ಹೊಲಿಗೆಮನೆಗೆ ಹೋಗುತ್ತಿದ್ದ ಇಂಥ ಹಾಳೆಗಳ ಮೂಲೆಗೆ, ಕತ್ತರಿಸುವವರ ತಿಳಿವಿಗೆಂದು, ಬಟ್ಟೆಯ ಚೂರೊಂದನ್ನು ಸಿಕ್ಕಿಸುವುದಿತ್ತು. ನನ್ನ ಹಾಳೆಯಲ್ಲಿ ಆ ಚೂರು ಉಳಿದಿಲ್ಲ. ಗುಂಡುಸೂಜಿಯ ಎರಡು ತೂತುಗಳಿವೆ, ಅವುಗಳ ಸುತ್ತ ತುಕ್ಕಿನ ಕಲೆಯಿದೆ.