ಬ್ರಿಕ್ ಲೇನ್ ಮೂಲೆಯ ಪ್ರಾರ್ಥನಾ ಮಂದಿರ

ಕೇಳುಗರಿಗೆ ನಮಸ್ಕಾರ. ಹಳೆಯ ಚರ್ಚಿನ ಬಗ್ಗೆ ಮಾತಾಡಿ ಅಂದರೆ ಎಲ್ಲರೂ ಗೋಪುರ, ಗಂಟೆ, ಬಣ್ಣದ ಗಾಜು ಅಂತ ಶುರು ಮಾಡುತ್ತಾರೆ. ನಾನು ಕೇಳುವುದು ಒಂದೇ ಪ್ರಶ್ನೆ. ಅಲ್ಲಿಗೆ ಬರುತ್ತಿದ್ದವರು ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು?

ಲಂಡನ್ನಿನ ಪೂರ್ವ ಭಾಗದಲ್ಲಿ ಬ್ರಿಕ್ ಲೇನ್ ಅಂತ ಒಂದು ಬೀದಿ. ಅದರ ಮೂಲೆಯಲ್ಲಿ ಒಂದು ಇಟ್ಟಿಗೆ ಕಟ್ಟಡ. ಅದನ್ನು ಕಟ್ಟಿದವರು ಯೂಗನೊಗಳು, ಅಂದರೆ ಫ್ರಾನ್ಸಿನ ಪ್ರೊಟೆಸ್ಟಂಟರು. 1685ರಲ್ಲಿ ಅಲ್ಲಿನ ರಾಜ ಹದಿನಾಲ್ಕನೇ ಲೂಯಿ ಅವರ ಧರ್ಮಕ್ಕಿದ್ದ ರಕ್ಷಣೆಯನ್ನೇ ಕಿತ್ತುಹಾಕಿದ. ಓಡಿಬಂದವರಲ್ಲಿ ತುಂಬಾ ಜನ ರೇಷ್ಮೆ ನೇಯುವವರು. ಸ್ಪಿಟಲ್‌ಫೀಲ್ಡ್ಸ್ ಎಂಬ ಈ ಕಡೆ ಮಗ್ಗ ಹಾಕಿದರು. ಚರ್ಚು ಎದ್ದಿದ್ದು 1743ರಲ್ಲಿ. ಗೋಡೆಯ ನೆರಳು ಗಡಿಯಾರದ ಮೇಲೆ ಆ ಇಸವಿ ಈಗಲೂ ಇದೆ. ಬಟ್ಟೆಯ ಕಸುಬು, ನೆನಪಿಟ್ಟುಕೊಳ್ಳಿ.

ಕಾಲ ಕಳೆದಂತೆ ಅವರ ಸಂತತಿ ಇಂಗ್ಲಿಷರೊಳಗೆ ಬೆರೆಯಿತು. ಫ್ರೆಂಚ್ ಪ್ರಾರ್ಥನೆಗೆ ಬರುವವರು ಕಡಿಮೆಯಾದರು. ಮುಂದಿನ ಭಾಗ ನನಗೆ ತುಂಬಾ ಇಷ್ಟ, ಸ್ವಲ್ಪ ಎಳೆದರೆ ಬೇಸರ ಮಾಡಿಕೊಳ್ಳಬೇಡಿ. 1809ರಲ್ಲಿ ಈ ಕಟ್ಟಡ ಒಂದು ಸಂಘದ ಕೈಗೆ ಬಂತು. ಯಹೂದಿಗಳನ್ನು ಕ್ರೈಸ್ತರನ್ನಾಗಿ ಮಾಡುವುದೇ ಅದರ ಕೆಲಸ. ಪಾದ್ರಿಗಳು ಯಹೂದಿಗಳಿಗೆಂದೇ ಉಪದೇಶ ಮಾಡಿದರು. ಒಪ್ಪಿದವರು ಬೆರಳೆಣಿಕೆ. 1819ಕ್ಕೆ ಮೆಥಡಿಸ್ಟರು, ಅಂದರೆ ಪ್ರೊಟೆಸ್ಟಂಟರ ಇನ್ನೊಂದು ಪಂಗಡದವರು, ಬಂದು ಕೂತರು. ಆಮೇಲೆ ಏನಾಯಿತು ಕೇಳಿ. 1881ರಲ್ಲಿ ರಷ್ಯಾದ ಚಕ್ರವರ್ತಿ ಝಾರ್‌ನ ಕೊಲೆಯಾಯಿತು. ಅದರ ಹೊಣೆಯನ್ನು ಅಲ್ಲಿನ ಯಹೂದಿಗಳ ತಲೆಗೆ ಕಟ್ಟಿ ಅವರ ಮೇಲೆ ದಾಳಿ ಶುರುವಾಯಿತು. ಸಾವಿರಾರು ಜನ ಲಂಡನ್ನಿನ ಇದೇ ಬೀದಿಗಳಿಗೆ ಬಂದಿಳಿದರು. ಹೊಟ್ಟೆಪಾಡು? ಹೊಲಿಗೆ. ಮತ್ತೆ ಬಟ್ಟೆ! 1898ರಲ್ಲಿ ಈ ಕಟ್ಟಡ ಅವರ ಸಿನಗಾಗ್, ಅಂದರೆ ಯಹೂದಿ ಪ್ರಾರ್ಥನಾ ಮಂದಿರ, ಆಯಿತು. ಯಹೂದಿಗಳ ಧರ್ಮ ಬಿಡಿಸಲು ಹೆಣಗಿದ ಸಭಾಂಗಣದಲ್ಲೇ ಅವರ ಧರ್ಮಗ್ರಂಥ ತೋರಾ ಓದುವ ದನಿ. ಅದೂ ಕಟ್ಟಾ ಸಂಪ್ರದಾಯಸ್ಥರದು! ಆ ಸಂಘದವರು ನೋಡಿದ್ದರೆ ಏನನ್ನುತ್ತಿದ್ದರೋ.

ಅವರ ಮಕ್ಕಳು ಓದಿದರು, ಬೇರೆ ಕೆಲಸ ಹಿಡಿದರು, ನಗರದ ಉತ್ತರದ ಬಡಾವಣೆಗಳಿಗೆ ಹೋದರು. ಸಿನಗಾಗ್ ಬಣಗುಟ್ಟಿತು. ಅಷ್ಟರಲ್ಲಿ ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು ಬಂದು ನೆಲೆಸುತ್ತಿದ್ದರು. ಅವರಲ್ಲೂ ಎಷ್ಟೋ ಜನ ಸಿದ್ಧ ಉಡುಪಿನ ಕಾರ್ಖಾನೆಗೆ ಸೇರಿದರು. 1976ರಲ್ಲಿ ಇದು ಮಸೀದಿಯಾಯಿತು. ಈಗಲೂ ಮಸೀದಿಯೇ. ಮಗ್ಗ, ಕತ್ತರಿ, ಹೊಲಿಗೆ ಯಂತ್ರ. ನಾನು ಹೇಳುತ್ತಿರುವುದು ಇದನ್ನೇ. ದೇಶ ಬಿಟ್ಟಿದ್ದು ಯಾವ ಕಾರಣಕ್ಕಾದರೂ ಇರಲಿ, ಜನ ಈ ಬೀದಿಯಲ್ಲಿ ನೆಲೆಸಿದ್ದು ಕೆಲಸದ ಹಿಂದೆ, ಬಿಟ್ಟು ಹೋಗಿದ್ದೂ ಕೆಲಸದ ಹಿಂದೆ. ನಂಬಿಕೆ ಸತ್ತು ಚರ್ಚು ಖಾಲಿಯಾಯಿತು ಅಂತ ಸುಮ್ನೆ ಹೇಳುವವರಿದ್ದಾರಲ್ಲ, ಅವರು ಈ ಬೀದಿಯಲ್ಲಿ ಒಂದು ಸುತ್ತು ಹಾಕಿ ಬರಲಿ.

ಕಟ್ಟಡ ಇಷ್ಟು ಜನಕ್ಕೆ ಒಗ್ಗಿದ್ದು ಹೇಗೆ? ಯೂಗನೊಗಳು ವಿಗ್ರಹ ಇಡುವವರಲ್ಲ. ದೊಡ್ಡ ಕಿಟಕಿಗಳ ಒಂದು ಸಾದಾ ಸಭಾಂಗಣ ಕಟ್ಟಿದ್ದರು, ಅಷ್ಟೇ. ಯಹೂದಿಗಳಿಗೂ ಮುಸಲ್ಮಾನರಿಗೂ ವಿಗ್ರಹ ಬೇಡ. ಒಡೆದು ಹಾಕುವಂಥದ್ದು ಜಾಸ್ತಿ ಏನೂ ಇರಲಿಲ್ಲ. ಇದರ ಬಗ್ಗೆ ಇನ್ನೂ ಹೇಳಬೇಕಿತ್ತು, ಸಮಯ ಸಾಲದು.

ಒಂದು ಮಾತು ಮಾತ್ರ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಸರ್ಕಾರಿ ಚರ್ಚಿನ ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ 1813ರಿಂದ ತಂದೆಯ ಕಸುಬು ಬರೆಯಲು ಒಂದು ಕಾಲಂ ಇದೆ. ಮಗುವಿನ ಹೆಸರು ಹುಡುಕುವವರು ಅದನ್ನು ನೋಡುವುದೇ ಇಲ್ಲ. ದಯವಿಟ್ಟು ನೋಡಿ. ಅಲ್ಲಿಗೆ ಬರುತ್ತಿದ್ದವರ ಹೊಟ್ಟೆಪಾಡು ಹೇಗೆ ಬದಲಾಯಿತು ಅಂತ ತಿಳಿಯಲು, ಹತ್ತು ಹತ್ತು ವರ್ಷ ಬಿಟ್ಟು ಆ ಕಾಲಂ ಒಂದನ್ನೇ ಓದುತ್ತಾ ಹೋಗಿ. ನಮಸ್ಕಾರ.