ಮಣ್ಣಿಗೆ ಬಿದ್ದ ತಾಮ್ರದ ಕಾಸು

ಕೇಳುಗರಿಗೆಲ್ಲ ನಮಸ್ಕಾರ.

ಇಂಗ್ಲೆಂಡಿನ ಸಾಮರ್ಸೆಟ್ ಎಂಬ ಸೀಮೆಯಲ್ಲಿ, ಆಗಷ್ಟೇ ಉತ್ತಿದ್ದ ಒಂದು ಹೊಲದ ನಡುವೆ ನಾನು ನಿಂತಿದ್ದೆ. ಕೈಯಲ್ಲಿ ಒಂದು ಉದ್ದನೆಯ ಕೋಲು. ಅದರ ತುದಿಯಲ್ಲಿ ಊಟದ ತಟ್ಟೆಯಷ್ಟು ಅಗಲದ ಒಂದು ಬಿಲ್ಲೆ. ಕಿವಿಗೆ ಹೆಡ್‌ಫೋನ್. ಕೋಲನ್ನು ನೆಲಕ್ಕೆ ತಾಗಿಸದೆ, ಅಂಗಳ ಗುಡಿಸುವ ಹಾಗೆ ಆ ಕಡೆ ಈ ಕಡೆ ಆಡಿಸುತ್ತಾ ಹೆಜ್ಜೆ ಹಾಕುತ್ತಿದ್ದೆ. ತುಂಬ ಹೊತ್ತು ಗೊರಗೊರ ಸದ್ದು, ಬರೀ ಕಬ್ಬಿಣದ ಮೊಳೆಗಳು. ಆಮೇಲೆ ಇದ್ದಕ್ಕಿದ್ದಂತೆ ಒಂದು ಸದ್ದು ಬಂತು. ದೇವರ ಮನೆಯ ಸಣ್ಣ ಗಂಟೆಯನ್ನು ಒಂದೇ ಸಲ ಅಲ್ಲಾಡಿಸಿದ ಹಾಗೆ, ಅಷ್ಟು ಚೊಕ್ಕಟವಾದ ಸದ್ದು. ಜೊತೆಗಿದ್ದ ಹಿರಿಯರು ತಲೆ ಅಲ್ಲಾಡಿಸಿ, ಅಲ್ಲೇ ಅಗೆಯಿರಿ ಎಂದು ಕೈ ತೋರಿಸಿದರು.

ನನ್ನ ಅಕ್ಕನ ಮಗ ಅಲ್ಲಿ ಕೆಲಸದಲ್ಲಿದ್ದಾನೆ. ಅವನ ಪಕ್ಕದ ಮನೆಯವರು ಆ ಹಿರಿಯರು. ಮೆಟಲ್ ಡಿಟೆಕ್ಟರ್ ಹಿಡಿದು ಹೊಲ ಸುತ್ತುವುದು ಅವರ ಎಷ್ಟೋ ವರ್ಷಗಳ ಹವ್ಯಾಸ. ಹೊಲದ ಒಡೆಯನನ್ನು ಕೇಳಿ, ಅನುಮತಿ ಪಡೆದೇ ಅವರು ನನ್ನನ್ನು ಕರೆದುಕೊಂಡು ಹೋಗಿದ್ದರು.

ಒಂದು ಗೇಣು ಅಗೆದಿದ್ದೆ ಅಷ್ಟೆ. ಮಣ್ಣಿನ ಹೆಂಟೆ ಒಡೆದಾಗ ಹಸಿರುಗಪ್ಪು ಬಣ್ಣದ ದೊಡ್ಡ ಬಿಲ್ಲೆಯೊಂದು ಕೈಗೆ ಬಂತು. ಅಂಗೈಯಲ್ಲಿ ಇಟ್ಟುಕೊಂಡರೆ ಭಾರ ಗೊತ್ತಾಗುತ್ತಿತ್ತು. ತುಂಬ ಸವೆದಿತ್ತು. ಆದರೆ ಅಂಚು ಮಾತ್ರ ದಪ್ಪ, ಗಾಡಿಯ ಚಕ್ರಕ್ಕೆ ಪಟ್ಟಿ ಬಿಗಿದ ಹಾಗೆ. ಅಲ್ಲಿಯ ಜನ ಇದನ್ನು ಗಾಡಿಚಕ್ರದ ಪೆನ್ನಿ ಅಂತಲೇ ಕರೆಯುತ್ತಾರೆ. 1797ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಮ್ಯಾಥ್ಯೂ ಬೌಲ್ಟನ್ ತನ್ನ ಸೋಹೋ ಟಂಕಸಾಲೆಯಲ್ಲಿ ಉಗಿಯಂತ್ರದಿಂದ ಅಚ್ಚೊತ್ತಿಸಿದ ತಾಮ್ರದ ನಾಣ್ಯ. ತೂಕ ಸರಿಯಾಗಿ ಒಂದು ಔನ್ಸ್, ಅಂದರೆ 28 ಗ್ರಾಮ್‌ಗೆ ಸ್ವಲ್ಪ ಜಾಸ್ತಿ. ಅಲ್ಲಿಯವರಿಗೆ ಇದು ಅಪರೂಪದ್ದೇನೂ ಅಲ್ಲ. ನನಗೆ ಮಾತ್ರ ಮೈ ಜುಮ್ಮೆಂದಿತು. 1797! ಇನ್ನೆರಡು ವರ್ಷಕ್ಕೆ, 1799ರ ಮೇ 4ರಂದು, ನಮ್ಮ ಶ್ರೀರಂಗಪಟ್ಟಣದ ಕೋಟೆ ಬಿತ್ತು. ನಾನು ಹುಟ್ಟಿ ಬೆಳೆದದ್ದು ಆ ಕೋಟೆಯಿಂದ ಕೂಗಳತೆ ದೂರದ ಹಳ್ಳಿಯಲ್ಲಿ.

ಆಗ ಆ ಹಿರಿಯರು ಮಾಡಿದ ಕೆಲಸವೇ ನಾನು ಇವತ್ತು ಈ ಮಾತು ಆಡಲು ಕಾರಣ. ನಾಣ್ಯವನ್ನು ಅವರು ಉಜ್ಜಲಿಲ್ಲ. ಒರೆಸಲೂ ಇಲ್ಲ. ಒಂದು ಸಣ್ಣ ಚೀಲಕ್ಕೆ ಹಾಕಿದರು. ಮೊಬೈಲ್ ತೆಗೆದು, ಆ ಗುಂಡಿ ಎಲ್ಲಿದೆ ಎಂದು ನಕ್ಷೆಯಲ್ಲಿ ನೋಡಿ, ಅದರ ಅಂಕಿಗಳನ್ನು ಚೀಲದ ಮೇಲೆ ಬರೆದರು. ಎಷ್ಟು ಆಳ ಎಂದೂ ಬರೆದರು. ಆಮೇಲೆ ಗುಂಡಿಯನ್ನು ಮುಚ್ಚಿ, ಕಾಲಿನಿಂದ ಮೆತ್ತಗೆ ಒತ್ತಿದರು.

ನನಗೆ ನಮ್ಮ ತಾತ ನೆನಪಾದರು.

ನನಗಾಗ ಒಂಬತ್ತು ವರ್ಷ. ಭರಣಿ ಮಳೆ ಬಿದ್ದು ಹೊಲ ಉತ್ತಿದ್ದರು. ಎತ್ತುಗಳ ಹಿಂದೆ ಸುಮ್ನೆ ನಡೆಯುತ್ತಾ ಹೋಗುವುದು ನಮಗೆಲ್ಲ ಆಟ. ಮಳೆ ತೊಳೆದ ಮಣ್ಣಲ್ಲಿ ಏನೋ ಹಸಿರಾಗಿ ಕಂಡಿತು. ಎತ್ತಿ ನೋಡಿದರೆ ದಪ್ಪನೆಯ ದುಂಡನೆಯ ಬಿಲ್ಲೆ. ಒಂದು ಕಡೆ ಆನೆ! ಸೊಂಡಿಲು, ಬಾಲ, ನಾಲ್ಕೂ ಕಾಲು ಕಾಣುತ್ತಿದ್ದವು. ಇನ್ನೊಂದು ಕಡೆ ನನಗೆ ಓದಲು ಬಾರದ ಅಕ್ಷರ. ಮನೆಗೆ ಓಡಿದೆ. ಅಡುಗೆಮನೆಯಿಂದ ಹುಣಸೆಹಣ್ಣು, ಒಲೆಯಿಂದ ಬೂದಿ ತಂದೆ. ಅಮ್ಮ ತಾಮ್ರದ ಬಿಂದಿಗೆ ಬೆಳಗುವುದನ್ನು ನೋಡಿದ್ದೆನಲ್ಲ, ಹಾಗೇ ತಿಕ್ಕಿದೆ. ಕಿಲುಬೆಲ್ಲ ಹೋಯಿತು. ಕಾಸು ಕೆಂಪಗೆ ಫಳಫಳ ಅಂದಿತು. ಕಿಲುಬಿನ ಜೊತೆಗೆ ಆನೆಯೂ ಹೋಯಿತು. ಆ ಕಡೆಯ ಅಕ್ಷರಗಳೂ ಹೋದವು.

ತಾತ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಬೈಯಲಿಲ್ಲ. "ಎಲ್ಲಿ ಸಿಕ್ತು ಮಗಾ?" ಎಂದು ಕೇಳಿದರು. ಹೊಲದಲ್ಲಿ ಅಂದೆ. "ಯಾವ ಹೊಲದಲ್ಲಿ? ಹೊಳೆ ಕಡೇದಾ, ದಾರಿ ಕಡೇದಾ?" ನನಗೆ ಗೊತ್ತಿರಲಿಲ್ಲ. ಅವತ್ತು ಎರಡೂ ಹೊಲ ಉತ್ತಿದ್ದರು.

ಆ ಪ್ರಶ್ನೆ ಎಷ್ಟು ದೊಡ್ಡದು ಎಂದು ನನಗೆ ಅರ್ಥವಾಗಿದ್ದು ನಾಣ್ಯ ಕೂಡಿಸುವ ಅಭ್ಯಾಸ ಹತ್ತಿದ ಮೇಲೆ. ಆನೆ ಕಾಸು ಎಂದರೆ ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲದ ತಾಮ್ರದ ಪೈಸೆ. ಟಿಪ್ಪು ತನ್ನ ನಾಣ್ಯಗಳಿಗೆ ಆಕಾಶದ ಹೆಸರುಗಳನ್ನು ಇಟ್ಟ. ಪೈಸೆಗೆ ಜೊಹ್ರಾ, ಅಂದರೆ ಶುಕ್ರ. ಅರ್ಧ ಪೈಸೆಗೆ ಬಹ್ರಾಮ್, ಅಂದರೆ ಮಂಗಳ. ಕಾಲು ಪೈಸೆಗೆ ಅಖ್ತರ್, ಅಂದರೆ ನಕ್ಷತ್ರ. ಇನ್ನೂ ಚಿಕ್ಕದಕ್ಕೆ ಕುತುಬ್, ಧ್ರುವ ನಕ್ಷತ್ರ. ಸಂತೆಯಲ್ಲಿ ಸೊಪ್ಪು ಕೊಳ್ಳುವ ಚಿಲ್ಲರೆಗೆ ಇಂಥ ಹೆಸರು! ನನಗೆ ಇದು ಯಾವತ್ತೂ ಹಳತಾಗದ ಸಂತೋಷ. ಅವನು ಹೊಸ ವರ್ಷಗಣನೆಯನ್ನೂ ತಂದ. ಆ ಲೆಕ್ಕದ ನಾಣ್ಯಗಳಲ್ಲಿ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು.

ಆನೆಯ ಹಿಂಬದಿಯಲ್ಲಿ ಟಂಕಸಾಲೆಯ ಹೆಸರು ಇರುತ್ತದೆ. ಪಟ್ಟಣ ಎಂದಿದ್ದರೆ ಶ್ರೀರಂಗಪಟ್ಟಣ. ನಗರ ಎಂದಿದ್ದರೆ ಮಲೆನಾಡಿನ ಬಿದನೂರು. ಚಿತ್ರದುರ್ಗದ್ದು ಉಂಟು, ಗುತ್ತಿಯದು ಉಂಟು. ನಾನು ಹುಣಸೆಹಣ್ಣು ಹಾಕಿ ತಿಕ್ಕಿದ್ದು ಆ ಹೆಸರನ್ನೇ. ಅದು ಪಕ್ಕದ ಕೋಟೆಯಲ್ಲೇ ಅಚ್ಚಾದ ಕಾಸೋ, ಇಲ್ಲಾ ಅಡಿಕೆ ಹೇರಿನ ಜೊತೆ ಘಟ್ಟದ ಕಡೆಯಿಂದ ಬಂದ ಕಾಸೋ, ಇನ್ನು ಹೇಳುವ ಹಾಗಿಲ್ಲ. ಹೊಳೆ ದಡದ ಹೊಲದಲ್ಲಿ ಬಿದ್ದಿದ್ದರೆ, ಹರಿಗೋಲು ಹತ್ತುವಾಗ ಯಾರದೋ ಸೊಂಟದಿಂದ ಜಾರಿರಬಹುದು. ದಾರಿ ಬದಿಯ ಹೊಲದಲ್ಲಿ ಆದರೆ ಕಥೆಯೇ ಬೇರೆ.

ನೋಡಿ, ಚಿನ್ನದ ನಾಣ್ಯವನ್ನು ಜನ ಬಚ್ಚಿಡುತ್ತಿದ್ದರು. ಗಡಿಗೆಗೆ ತುಂಬಿ, ಗೋಡೆಯಲ್ಲೋ ನೆಲದಲ್ಲೋ ಹೂಳುತ್ತಿದ್ದರು. ಅದು ಭಯದ ಕಥೆ. ಬಿಡಿಯಾಗಿ ಸಿಗುವ ತಾಮ್ರದ ಕಾಸು ಹಾಗಲ್ಲ. ಅದು ಹೆಚ್ಚಾಗಿ ಬಿದ್ದುಹೋದದ್ದು. ಹರಿದ ಚೀಲದಿಂದ, ಸೆರಗಿನ ಗಂಟಿನಿಂದ, ಮಕ್ಕಳ ಕೈಯಿಂದ. ಅದು ಎಲ್ಲಿ ಬಿತ್ತೋ ಅಲ್ಲಿ ಜನ ಓಡಾಡಿದ್ದರು ಎಂದು ಅರ್ಥ. ಶಾಸನಗಳಲ್ಲಿ ರಾಜರು ಮಾತಾಡುತ್ತಾರೆ, ದಾನ ಕೊಟ್ಟವರು ಮಾತಾಡುತ್ತಾರೆ. ಉಪ್ಪು ಕೊಂಡವಳ ಗುರುತು ಉಳಿದಿದ್ದರೆ ಅದು ಇಂಥ ಒಂದು ಕಾಸಿನಲ್ಲೇ. ಇವತ್ತು ನಾವು ಹಣಕ್ಕೆಲ್ಲ ದುಡ್ಡು ಅನ್ನುತ್ತೇವಲ್ಲ, ದುಡ್ಡು ಅನ್ನುವುದೂ ಒಂದು ಕಾಲಕ್ಕೆ ತಾಮ್ರದ ನಾಣ್ಯದ ಹೆಸರೇ.

ಈಗ ಆ ಯಂತ್ರದ ವಿಷಯ. ಕೋಲಿನ ತುದಿಯ ಬಿಲ್ಲೆಯಲ್ಲಿ ತಂತಿಯ ಸುರುಳಿಗಳಿವೆ. ಒಂದು ಸುರುಳಿಯಲ್ಲಿ ವಿದ್ಯುತ್ತು ಸೆಕೆಂಡಿಗೆ ಸಾವಿರಾರು ಸಲ ಹಿಂದೆ ಮುಂದೆ ಹರಿಯುತ್ತದೆ. ಅದರಿಂದ ಮಣ್ಣಿನೊಳಕ್ಕೆ ಕಾಂತಕ್ಷೇತ್ರ ಇಳಿಯುತ್ತದೆ. ಅಲ್ಲಿ ಲೋಹ ಇದ್ದರೆ ಅದರಲ್ಲೂ ಪುಟ್ಟ ವಿದ್ಯುತ್ ಸುಳಿ ಏಳುತ್ತದೆ, ಅದು ತನ್ನದೇ ಮರುದನಿ ಕೊಡುತ್ತದೆ. ಇನ್ನೊಂದು ಸುರುಳಿ ಅದನ್ನು ಕೇಳಿಸಿಕೊಳ್ಳುತ್ತದೆ. ಬೆಳ್ಳಿ ಬಿಟ್ಟರೆ ವಿದ್ಯುತ್ತನ್ನು ಅತಿ ಸಲೀಸಾಗಿ ಹರಿಯಬಿಡುವ ಲೋಹ ತಾಮ್ರ. ಹಾಗಾಗಿ ಅದರ ಮರುದನಿ ಕಬ್ಬಿಣದ ಹಾಗಿರುವುದಿಲ್ಲ. ಆ ವ್ಯತ್ಯಾಸವನ್ನೇ ಯಂತ್ರ ಬೇರೆ ಬೇರೆ ಸ್ವರವಾಗಿ ನಮ್ಮ ಕಿವಿಗೆ ಕೊಡುತ್ತದೆ. ಇಂಥ ಯಂತ್ರದ ಮೊದಲ ಪ್ರಯೋಗಗಳಲ್ಲಿ ಒಂದು ಒಬ್ಬ ಮನುಷ್ಯನ ಜೀವ ಉಳಿಸಲು ನಡೆಯಿತು. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರಿಗೆ ಗುಂಡೇಟು ಬಿದ್ದಾಗ, ಟೆಲಿಫೋನಿನ ಗ್ರಹಾಂ ಬೆಲ್ ಒಂದು ಯಂತ್ರ ಮಾಡಿ ತಂದರು, ಮೈಯೊಳಗಿನ ಗುಂಡು ಹುಡುಕಲು. ಗುಂಡು ಸಿಗಲಿಲ್ಲ. ಹಾಸಿಗೆಯೊಳಗಿನ ಉಕ್ಕಿನ ಸ್ಪ್ರಿಂಗುಗಳೂ ದನಿ ಕೊಟ್ಟು ದಾರಿ ತಪ್ಪಿಸಿದವು.

ಯಂತ್ರಕ್ಕೆ ಲೋಹ ಗೊತ್ತು, ಅಷ್ಟೆ. ಅದರ ಅಕ್ಕಪಕ್ಕ ಇರುವ ಮಡಕೆಯ ಚೂರು ಗೊತ್ತಿಲ್ಲ. ಬೂದಿ, ಎಲುಬು, ಸುಟ್ಟ ಕಾಳು, ಯಾವುದೂ ಗೊತ್ತಿಲ್ಲ. ಅದನ್ನೆಲ್ಲ ನೋಡಬೇಕಾದ್ದು ಹಿಡಿದವರ ಕಣ್ಣು.

2010ರ ಏಪ್ರಿಲ್‌ನಲ್ಲಿ ಅದೇ ಸಾಮರ್ಸೆಟ್‌ನ ಫ್ರೋಮ್ ಊರಿನ ಹತ್ತಿರ ಡೇವ್ ಕ್ರಿಸ್ಪ್ ಎಂಬುವರಿಗೆ ಯಂತ್ರದಲ್ಲಿ ಒಂದು ವಿಚಿತ್ರ ಸದ್ದು ಕೇಳಿಸಿತು. ಅಗೆದರು. ಒಂದು ಸಣ್ಣ ನಾಣ್ಯ, ಅದರ ಜೊತೆ ಮಡಕೆಯ ಬಾಯಿ. ಅಲ್ಲಿಗೆ ಅವರು ಕೈ ನಿಲ್ಲಿಸಿದರು. ಗುಂಡಿ ಮುಚ್ಚಿ, ಪುರಾತತ್ವದವರಿಗೆ ಹೇಳಿ ಕಳಿಸಿದರು. ಯೋಚನೆ ಮಾಡಿ, ಕೈಗೆಟುಕುವಷ್ಟು ದೂರದಲ್ಲಿ ತುಂಬಿದ ಗಡಿಗೆ ಇದೆ, ಸುತ್ತ ಯಾರೂ ಇಲ್ಲ. ಆ ಸಂಯಮವನ್ನು ನಾನು ತುಂಬ ದೊಡ್ಡದು ಎಂದು ಎಣಿಸುತ್ತೇನೆ.

ಆ ಗಡಿಗೆಯಲ್ಲಿ ಇದ್ದದ್ದು 52,503 ರೋಮನ್ ನಾಣ್ಯಗಳು. ಸುಮಾರು 160 ಕೆ.ಜಿ. ತೂಕ. ಬಹುತೇಕ ಎಲ್ಲವೂ ಕೀಳು ಲೋಹದ ಚಿಲ್ಲರೆ. ಪುರಾತತ್ವದವರು ಅವನ್ನು ಸುರಿಯಲಿಲ್ಲ. ಪದರ ಪದರವಾಗಿ ತೆಗೆದು, ಪದರಕ್ಕೊಂದು ಗುರುತು ಹಾಕಿದರು. ಬ್ರಿಟನ್ನನ್ನು 286ರಿಂದ 293ರವರೆಗೆ ಆಳಿದ ಕರೌಸಿಯಸ್‌ನ ನಾಣ್ಯಗಳೇ ಆ ರಾಶಿಯಲ್ಲಿ ಈಚಿನವು. ಯಾರಾದರೂ ವರ್ಷ ವರ್ಷ ಕೂಡಿಟ್ಟ ಉಳಿತಾಯವಾಗಿದ್ದರೆ ಅವು ಮೇಲೆ ಇರಬೇಕಿತ್ತು, ಅಲ್ವಾ? ಆದರೆ ಅವುಗಳಲ್ಲಿ ಹೆಚ್ಚಿನವು ಕೆಳಗಿನ ಪದರಗಳಲ್ಲಿ ಸಿಕ್ಕವು. ಅಂದರೆ ಗಡಿಗೆಯನ್ನು ನೆಲದಲ್ಲಿಟ್ಟು ಒಂದೇ ಸಲಕ್ಕೆ ತುಂಬಿದ್ದಾರೆ. ಅದು ದೇವರಿಗೆ ಒಪ್ಪಿಸಿದ ಹರಕೆ ಇರಬಹುದು ಎಂಬ ಮಾತು ಹುಟ್ಟಿದ್ದು ಹೀಗೆ. ನಾಣ್ಯಗಳನ್ನು ಮೊರಕ್ಕೆ ಸುರಿದು ಎಣಿಸಿದ್ದರೆ ಸಂಖ್ಯೆ ಸಿಗುತ್ತಿತ್ತು, ಈ ಸಂಗತಿ ಸಿಗುತ್ತಿರಲಿಲ್ಲ.

ಇಂಗ್ಲೆಂಡಿನಲ್ಲಿ ಇದಕ್ಕೆ ವ್ಯವಸ್ಥೆ ಇದೆ. 1996ರ ನಿಧಿ ಕಾನೂನಿನ ಪ್ರಕಾರ, 300 ವರ್ಷ ದಾಟಿದ ಹತ್ತು ಅಥವಾ ಹೆಚ್ಚು ತಾಮ್ರದ ನಾಣ್ಯಗಳು ಒಟ್ಟಿಗೆ ಸಿಕ್ಕರೆ 14 ದಿನದೊಳಗೆ ತಿಳಿಸಬೇಕು. ಬಿಡಿ ನಾಣ್ಯಗಳನ್ನು ಜನ ತಾವಾಗಿಯೇ ದಾಖಲಿಸಲು 1997ರಿಂದ ಒಂದು ಯೋಜನೆ ನಡೆಯುತ್ತಿದೆ. ಅದರಲ್ಲಿ 15 ಲಕ್ಷಕ್ಕೂ ಹೆಚ್ಚು ವಸ್ತುಗಳು ದಾಖಲಾಗಿವೆ. ಫ್ರೋಮ್ ನಾಣ್ಯಗಳಿಗೆ 3,20,250 ಪೌಂಡ್ ಬೆಲೆ ಕಟ್ಟಿ, ಅದನ್ನು ಹುಡುಕಿದವರಿಗೂ ಹೊಲದ ಒಡೆಯರಿಗೂ ಹಂಚಿದರು.

ನಮ್ಮಲ್ಲಿ ಹಾಗಿಲ್ಲ. ಯಂತ್ರ ಹಿಡಿದು ಹೊಲ ಸುತ್ತಬಹುದೆಂದು ನಾನು ಹೇಳುತ್ತಿದ್ದೇನೆ ಎಂದು ದಯವಿಟ್ಟು ಯಾರೂ ತಿಳಿಯಬೇಡಿ. ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ಕಾನೂನು ನಮ್ಮ ದೇಶದಲ್ಲಿ 1878ರಿಂದ ಇದೆ. 1958ರ ಕಾನೂನಿನಂತೆ ಸಂರಕ್ಷಿತ ಜಾಗದಲ್ಲಿ ಅನುಮತಿ ಇಲ್ಲದೆ ಅಗೆಯುವುದು ಅಪರಾಧ. 1972ರ ಕಾನೂನಿನಲ್ಲಿ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ನನಗೆ ಕಾನೂನಿಗಿಂತ ಜಾಸ್ತಿ ನೋವು ಕೊಡುವುದು ಬೇರೆ. ನಿಧಿಯ ಆಸೆಗೆ ಬಸವಣ್ಣನ ಬುಡ ಅಗೆದದ್ದು, ಲಿಂಗ ಕಿತ್ತದ್ದು, ವೀರಗಲ್ಲು ಉರುಳಿಸಿದ್ದು ನಮ್ಮ ಪತ್ರಿಕೆಗಳಲ್ಲಿ ಎಷ್ಟು ಸಲ ಬಂದಿಲ್ಲ! ಈಗ ಆ ನಿಧಿಗಳ್ಳರ ಕೈಗೂ ಈ ಯಂತ್ರ ಬಂದಿದೆ. ಕೊಪ್ಪರಿಗೆ ಚಿನ್ನ ಸಿಗುತ್ತದೆ ಎಂಬ ಆಸೆಗೆ ಎಂಟುನೂರು ವರ್ಷದ ಕಲ್ಲು ಒಡೆಯುತ್ತಾರೆ. ಕಾಲಡಿ ಸಿಕ್ಕ ತಾಮ್ರದ ಕಾಸನ್ನು ಬೇಡವೆಂದು ಎಸೆದು ಹೋಗುತ್ತಾರೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಪದರ ಬಿಡಿಸಿ ಅಗೆದಾಗ, ಮಡಕೆಗಳ ಕಾಲ ಹೇಳಲು ನೆರವಾದದ್ದು ಪದರದೊಳಗಿನ ನಾಣ್ಯಗಳೇ. ಅಲ್ಲಿ ಸಾತವಾಹನರ ನಾಣ್ಯವೂ ರೋಮಿನ ನಾಣ್ಯವೂ ಸಿಕ್ಕಿವೆ.

ನಮಗೆ ಯಂತ್ರ ಬೇಕಾಗಿಯೂ ಇಲ್ಲ. ಉಳುವಾಗ, ಪಾಯ ತೋಡುವಾಗ, ಕೆರೆ ಹೂಳೆತ್ತುವಾಗ ಕಾಸು ತಾನಾಗಿ ಮೇಲೆ ಬರುತ್ತದೆ. ಬಂದರೆ ತಿಕ್ಕಬೇಡಿ. ಹುಣಸೆಹಣ್ಣು, ನಿಂಬೆಹಣ್ಣು, ಬೂದಿ, ಯಾವುದೂ ಬೇಡ. ಎಷ್ಟೋ ಸಲ ಅಕ್ಷರ ಉಳಿದಿರುವುದು ಆ ಹಸಿರು ಪೊರೆಯಲ್ಲೇ, ಅದರ ಕೆಳಗಿನ ತಾಮ್ರದಲ್ಲಲ್ಲ. ಕಾಗದದಲ್ಲಿ ಸುತ್ತಿ, ಸರ್ವೆ ನಂಬರ್ ಬರೆಯಿರಿ. ಹೊಲದ ಯಾವ ಮೂಲೆ, ಎಷ್ಟು ಆಳ, ಜೊತೆಗೆ ಮಡಕೆ ಚೂರು ಇತ್ತಾ, ಅದನ್ನೂ ಬರೆಯಿರಿ. ಒಂದಕ್ಕಿಂತ ಹೆಚ್ಚು ಕಂಡರೆ ಅಲ್ಲೇ ಗುದ್ದಲಿ ನಿಲ್ಲಿಸಿ, ತಾಲ್ಲೂಕು ಕಚೇರಿಗೆ ತಿಳಿಸಿ.

ಗಾಡಿಚಕ್ರದ ಪೆನ್ನಿಯನ್ನು ನಾನು ತರಲಿಲ್ಲ, ಅದು ಆ ಹೊಲಕ್ಕೆ ಸೇರಿದ್ದು. ಆದರೆ ಅದರ ನಂಟು ಅಲ್ಲಿಗೇ ಮುಗಿಯುವುದಿಲ್ಲ. ಅದೇ ಬೌಲ್ಟನ್‌ನ ಟಂಕಸಾಲೆ ಈಸ್ಟ್ ಇಂಡಿಯಾ ಕಂಪನಿಗಾಗಿ ಮದರಾಸಿನ ಹತ್ತು ಕಾಸು, ಇಪ್ಪತ್ತು ಕಾಸುಗಳನ್ನೂ ಮಾಡಿತು. 1808ರ ಆ ಕಾಸುಗಳನ್ನು ಹೊತ್ತು ಹೊರಟ ಅಡ್ಮಿರಲ್ ಗಾರ್ಡ್‌ನರ್ ಎಂಬ ಹಡಗು, 1809ರ ಜನವರಿಯಲ್ಲಿ ಇಂಗ್ಲೆಂಡಿನ ಕಡಲ ಮರಳದಿಬ್ಬಕ್ಕೆ ಸಿಕ್ಕಿ ಮುಳುಗಿತು. ನಮ್ಮ ಕಡೆಯ ಸಂತೆಗಳಿಗೆ ಬರಬೇಕಿದ್ದ ಚಿಲ್ಲರೆ 1980ರ ದಶಕದವರೆಗೂ ಸಮುದ್ರದ ತಳದಲ್ಲಿತ್ತು. ಅದರಲ್ಲಿ ಒಂದು ಇಪ್ಪತ್ತು ಕಾಸು ಈಗ ನನ್ನ ಪೆಟ್ಟಿಗೆಯಲ್ಲಿದೆ. ಅದರ ಪಕ್ಕದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಇಪ್ಪತ್ತು ಕಾಸು, ಕನ್ನಡ ಅಕ್ಷರದ್ದು. ಇವೆರಡರ ಕೆಳಗೂ ಚೀಟಿ ಇಟ್ಟಿದ್ದೇನೆ. ಎಲ್ಲಿಯದು, ಯಾವ ವರ್ಷದ್ದು ಎಂದು ಬರೆದಿದೆ.

ಮೂರನೆಯದು ಆ ಆನೆ ಕಾಸು. ಬೆಳಕನ್ನು ಓರೆಯಾಗಿ ಬಿಟ್ಟರೆ ಬೆನ್ನಿನ ಗೆರೆಯೊಂದು ಮಾತ್ರ ಕಾಣುತ್ತದೆ. ಅದರ ಚೀಟಿಯಲ್ಲಿ ತಾತನ ಪ್ರಶ್ನೆಯನ್ನೇ ಬರೆದು ಇಟ್ಟಿದ್ದೇನೆ. ಹೊಳೆ ಕಡೇದಾ, ದಾರಿ ಕಡೇದಾ?

ನಮಸ್ಕಾರ.